ವಿಭೂತಿ ಹಚ್ಚಿದ ಕಾಗದ

ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಬೈಂಡಿಂಗ್ ಅಂಗಡಿ. ಒಂದೇ ಗೋಡೆಯಾಚೆ ಮೂಕಣ್ಣನ ಫೋಟೋ ಸ್ಟುಡಿಯೋ. ಆ ಗೋಡೆ ಎಷ್ಟು ತೆಳುವೆಂದರೆ ಅವನು ಗಿರಾಕಿಗೆ ‘ಸ್ವಲ್ಪ ನಗ್ರಿ’ ಎಂದಾಗ ಇತ್ತ ಕತ್ತರಿ ಹಿಡಿದ ನಾನೂ ಹಲ್ಲು ಬಿಟ್ಟದ್ದಿದೆ. ಇಪ್ಪತ್ತೆರಡು ವರ್ಷ ಅವನ ಪಕ್ಕ ಕೂತು ಅಂಗಡಿ ನಡೆಸಿದವನು ನಾನು. ಆದ್ದರಿಂದ ಅವನ ಬಗ್ಗೆ ಬರೆಯುವ ಹಕ್ಕು ನನಗಿದೆ, ಅವನ ಮೇಲೆ ಸಿಟ್ಟಾಗುವ ಹಕ್ಕು ಅದಕ್ಕಿಂತ ಹೆಚ್ಚಾಗಿಯೇ ಇದೆ. ಬುದ್ಧಿ ಬಂದಂದಿನಿಂದ ನಾಮ ಹಚ್ಚಿಕೊಂಡು ಬಂದ ಈ ಶೀನಪ್ಪನನ್ನು ವರ್ಷಗಟ್ಟಲೆ ವಿಭೂತಿಯಲ್ಲಿ ಹೊರಳಾಡಿಸಿದವನು ಅವನೇ.

ಅದು ಗಣಿ ಧೂಳಿನ ಕಾಲ. ಸಂಡೂರಿನ ಕಡೆಯಿಂದ ಅದಿರು ಹೇರಿದ ಲಾರಿಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು. ನಾಯಿ, ಎಮ್ಮೆ, ಬಾಳೆಗಿಡ ಎಲ್ಲಕ್ಕೂ ಒಂದೇ ಕೆಂಪು ಬಣ್ಣ. ನಿನ್ನೆ ಸೈಕಲ್ ತುಳಿಯುತ್ತಿದ್ದವನು ಇವತ್ತು ಜೀಪಿನಿಂದ ಇಳಿಯುತ್ತಿದ್ದ, ಇಳಿದವನು ನೇರ ಮೂಕಣ್ಣನ ಸ್ಟುಡಿಯೋಕ್ಕೆ ಬರುತ್ತಿದ್ದ. ಜೀಪಿನ ಪಕ್ಕ ನಿಂತದ್ದೊಂದು, ಜೀಪಿಗೆ ಒರಗಿದ್ದೊಂದು, ಜೀಪಿನೊಳಗೆ ಹೆಂಡತಿ ಮಕ್ಕಳನ್ನು ತುಂಬಿಸಿದ್ದೊಂದು ಫೋಟೋ ಆಗಬೇಕು, ಅದೂ ಅರ್ಧ ಗಂಟೆಯಲ್ಲಿ.

ಅರ್ಧ ಗಂಟೆಯಲ್ಲಿ ಕೊಡಲೆಂದೇ ಮೂಕಣ್ಣ ಎರಡು ಸಾವಿರದ ಐದರಲ್ಲಿ ಶಾಯಿ ಚಿಮುಕಿಸಿ ಬಣ್ಣದ ಚಿತ್ರ ಮೂಡಿಸುವ ಪ್ರಿಂಟರ್ ತಂದ. ಅದಕ್ಕೆ ಬೇಕಾದ ಕಾಗದ ಮಾತ್ರ ಬೆಂಗಳೂರಿನಿಂದ ಬರಬೇಕಿತ್ತು, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸಾದಾ ಕಾಗದಕ್ಕೆ ಹೊಡೆದರೆ ಶಾಯಿ ಹರಡಿ ಮದುಮಗನ ಮೀಸೆ ಕಿವಿ ಮುಟ್ಟುತ್ತಿತ್ತು. ಒಂದು ಮಧ್ಯಾಹ್ನ ಮೂಕಣ್ಣ ಆ ಒಳ್ಳೆಯ ಕಾಗದದ ಮುಖವನ್ನು ಬ್ಲೇಡಿನಿಂದ ಕೆರೆದು, ಉದುರಿದ ಬಿಳಿ ಪುಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ನನ್ನ ಅಂಗಡಿಗೆ ನುಗ್ಗಿದ.

“ಶೀನಪ್ಪಾರ, ನೋಡ್ರಿ ಇಲ್ಲಿ! ಒಳಗಿಂದು ನಮ್ಮಂಥದ ಕಾಗದ. ಮ್ಯಾಲ ಗ್ವಾಡಿಗೆ ಸುಣ್ಣ ಹೊಡದಂಗ ಏನೋ ಹೊಡದಾರ. ಶಾಯಿ ಕುಡಿಯಾದು ಕಾಗದ ಅಲ್ರಿ, ಈ ಪುಡಿ!”

“ಕುಡೀಲಿ ಬಿಡು. ನಿನಗೇನಾಗಬೇಕಾಗ್ಯದ?” ಎಂದೆ.

“ನಾನೂ ಹೊಡೀತೀನಿ.”

ಹೊಡೆಯಲು ಶುರುಮಾಡಿದ. ಹೆಂಡತಿ ಚೆನ್ನಬಸಮ್ಮ ಸೀರೆಗೆ ಹಾಕಲು ಕಾಯಿಸುತ್ತಿದ್ದ ಅಕ್ಕಿ ಗಂಜಿಯೇ ಅಂಟು. ಬಣ್ಣ ಕಚ್ಚಿಕೊಳ್ಳಲಿ ಎಂದು ಕ್ಷೌರದಂಗಡಿಯ ಪಟಿಕದ ಕಲ್ಲನ್ನು ಅರೆದು ಸೇರಿಸಿದ. ಇನ್ನುಳಿದದ್ದು ಪುಡಿ. ಮೊದಲು ಗೋಡೆಯ ಸುಣ್ಣ ಹಾಕಿ ನೋಡಿದ. ನೀಲಿ ಸೀರೆಯುಟ್ಟವಳು ಹಸಿರು ಸೀರೆಯಲ್ಲಿ ಬಂದಳು. ಮುಖಕ್ಕೆ ಹಚ್ಚುವ ಪೌಡರ್ ಹಾಕಿದ. ಶಾಯಿ ಮಣಿಮಣಿಯಾಗಿ ಉರುಳಿಹೋಯಿತು, ಓಣಿಯೆಲ್ಲ ಘಮಘಮ. ಸೀಮೆಸುಣ್ಣದ್ದು ಪರವಾಗಿರಲಿಲ್ಲ, ಆದರೆ ಆಲ್ಬಮ್ ತೆರೆದ ಕೂಡಲೇ ನೆಂಟರೆಲ್ಲ ಉದುರುತ್ತಿದ್ದರು.

ನಾನಾದರೂ ಸುಮ್ಮನಿರಬೇಕಿತ್ತು. ಇರಲಿಲ್ಲ. ಮನೆಯಿಂದ ನನ್ನ ಗೋಪಿಚಂದನದ ತುಂಡು ತಂದು, ಇಷ್ಟು ನುಣುಪಾದ ಮಣ್ಣು ನಿನಗೆ ಎಲ್ಲಿಯೂ ಸಿಗುವುದಿಲ್ಲ ಎಂದು ಎದೆಯುಬ್ಬಿಸಿ ಕೊಟ್ಟೆ. ಅರೆದು ಹಚ್ಚಿದೆವು. ಕಾಗದ ಬೆಣ್ಣೆಯಂತಾಯಿತು, ಸ್ವಲ್ಪ ಹಳದಿ ಅಷ್ಟೆ. ಆದರೆ ಶಾಯಿ ಮೇಲೆಯೇ ನಿಂತಿತು. ಬೆಳಿಗ್ಗೆ ಹೊಡೆದದ್ದು ಸಂಜೆಗೂ ಆರಲಿಲ್ಲ. ಮದುಮಗಳ ಅಪ್ಪ ಬಂದು ಪ್ರೀತಿಯಿಂದ ಹೆಬ್ಬೆರಳಿಟ್ಟಾಗ ಮದುಮಗಳ ಮುಖ ಅವನ ಹೆಬ್ಬೆರಳಿಗೆ ಹೋಯಿತು.

“ನಿಮ್ಮದಕ್ಕ ಮಡಿ ಜಾಸ್ತಿ ಐತ್ರೀ ಶೀನಪ್ಪಾರ,” ಎಂದ ಮೂಕಣ್ಣ. “ಶಾಯಿನ ಒಳಗ ಬಿಟ್ಟುಕೊಳ್ಳವಲ್ದು.”

ಎರಡು ದಿನ ನಾನು ಅವನ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಗೋಡೆಯಾಚೆಯಿಂದ ಚೀರಿದ ಸದ್ದು ಕೇಳಿ ಓಡಿದೆ. ಮೂಕಣ್ಣ ದೇವರ ಗೂಡಿನ ಮುಂದೆ ನಿಂತು ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದ. ಸಿರಿಂಜಿನಿಂದ ಪ್ರಿಂಟರಿಗೆ ಶಾಯಿ ತುಂಬುವಾಗ ಒಂದು ಕೆಂಪು ಹನಿ ಹಾರಿ ಗೂಡಿನಲ್ಲಿದ್ದ ವಿಭೂತಿ ಗಟ್ಟಿಯ ಮೇಲೆ ಬಿದ್ದಿತ್ತು. ತಪ್ಪಾಯಿತೆಂದು ಬಡಿದುಕೊಳ್ಳುತ್ತಿದ್ದವನ ಕೈ ನಡುವೆಯೇ ನಿಂತಿತು. ಹನಿ ಬಿದ್ದಲ್ಲೇ ಕೂತಿತ್ತು, ಸುತ್ತ ಒಂದೆಳೆಯೂ ಹರಿದಿರಲಿಲ್ಲ. ಬೆರಳಿಟ್ಟು ನೋಡಿದ, ಆಗಲೇ ಒಣಗಿತ್ತು.

ಆ ವಿಭೂತಿ ಅಂಗಡಿಯದಲ್ಲ, ಕಂಪ್ಲಿಯ ಅಕ್ಕನಾಗಮ್ಮನವರು ಮಾಡಿದ್ದು. ಅವರು ಮೂಕಣ್ಣನಿಗೆ ಎರಡು ಕಡೆಯಿಂದ ಅತ್ತೆ: ಅಪ್ಪನ ಅಕ್ಕ ಮತ್ತು ಚೆನ್ನಬಸಮ್ಮನ ತಾಯಿ. ಮನೆಯ ಬೆನ್ನಿಗೇ ಅಕ್ಕಿ ಗಿರಣಿ. ಸಗಣಿ ಉಂಡೆಗಳನ್ನು ಗಿರಣಿಯ ಭತ್ತದ ಹೊಟ್ಟಿನಲ್ಲಿ ಹುಗಿದು, ಎರಡು ದಿನ ಬಿಡದೆ ಸುಟ್ಟು, ಬೂದಿಯನ್ನು ಏಳು ಸಲ ನೀರಿನಲ್ಲಿ ಕದಡಿ, ತೆಳುಬಟ್ಟೆಯಲ್ಲಿ ಸೋಸಿ ಗಟ್ಟಿ ಕಟ್ಟುತ್ತಿದ್ದರು. ಓಣಿಯವರಿಗೆ, ಮಠದವರಿಗೆ ಕೊಡುತ್ತಿದ್ದರೇ ಹೊರತು ಯಾರಿಗೂ ಮಾರಿದವರಲ್ಲ. ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ಹಣೆಯ ಮೇಲೆ ಮೂರು ಪಟ್ಟೆ ಒಂದು ದಿನವೂ ಡೊಂಕಾದದ್ದನ್ನು ನಾನು ಕಂಡಿಲ್ಲ.

ಮೂಕಣ್ಣ ನನ್ನನ್ನೂ ಎಳೆದುಕೊಂಡು ಕಂಪ್ಲಿ ಬಸ್ಸು ಹತ್ತಿದ. ಅವನು ಹೇಳಿದ್ದನ್ನೆಲ್ಲ ಅಕ್ಕನಾಗಮ್ಮ ರೊಟ್ಟಿ ಬಡಿಯುತ್ತಲೇ ಕೇಳಿದರು.

“ಕೊಡ್ತೀನಿ. ಆದ್ರ ಒಂದು ಮಾತು, ಮೂಕಣ್ಣ. ನಾನು ಹಣಿಗೆ ಹಚ್ಚಕೊಳ್ಳಾದು ಇದು. ಇದರ ಮ್ಯಾಲ ನಾಚಿಕಿ ಬರುವಂಥದ್ದು ಏನೂ ಬೀಳಬಾರದು. ಬಿತ್ತು ಅಂದ್ರ ಅವತ್ತಿಗೆ ನನ್ನ ಬೂದಿ ನಿಂತಂಗ.”

“ಆಣಿ ಮಾಡ್ತೀನಿ ಅತ್ತಿ.”

“ಆಣಿ ಬ್ಯಾಡ. ನೆನಪು ಇಟ್ಟುಕೋ ಸಾಕು.”

ಹೀಗೆ ಕಾಗದ ಶುರುವಾಯಿತು. ಹೊಸಪೇಟೆಯಲ್ಲಿ ಹಚ್ಚಿ ಒಣಗಿಸಿದರೆ ಲಾರಿ ಧೂಳು ಕೂತು ಎಲ್ಲರೂ ಜ್ವರ ಬಂದವರ ಹಾಗೆ ಕೆಂಪಗಾಗುತ್ತಿದ್ದರು, ಆದ್ದರಿಂದ ಅತ್ತೆಯ ಪಡಸಾಲೆಯೇ ಕಾರ್ಖಾನೆ. ಉಕ್ಕಿನ ಸರಳಿಗೆ ಸುಟ್ಟ ಮೋಟಾರಿನ ತಾಮ್ರದ ತಂತಿಯನ್ನು ಒತ್ತಾಗಿ ಸುತ್ತಿ, ಅದನ್ನು ಎಳೆದರೆ ಬೂದಿ ಗಂಜಿ ಕಾಗದದ ಮೇಲೆ ಎಲ್ಲೆಡೆ ಒಂದೇ ಸಮ ಹರಡುತ್ತಿತ್ತು. ಒಣಗಿದ ಮೇಲೆ ಹಾಳೆ ಹಪ್ಪಳದ ಹಾಗೆ ಸುರುಳಿಯಾಯಿತು. ಮೂಕಣ್ಣ ತಲೆ ಮೇಲೆ ಕೈ ಹೊತ್ತು ಕೂತ. ಒಂದೇ ಮಗ್ಗುಲಿಗೆ ಅಂಟು ಬಿದ್ದರೆ ರಟ್ಟು ಬಾಗುತ್ತದೆ, ಬೆನ್ನಿಗೂ ಗಂಜಿ ಬಳಿ ಎಂದು ನಾನು ಹೇಳಿಕೊಟ್ಟೆ. ಇದನ್ನು ಅವನು ಯಾರ ಮುಂದೆಯೂ ಹೇಳುವುದಿಲ್ಲ, ಹಾಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ನುಣುಪು ಬರಿಸಲು ಕಬ್ಬಿನ ಹಾಲಿನ ಗಾಣದ ಉರುಳೆಗಳ ನಡುವೆ ಹಾಳೆ ತೂರಿಸಿದ. ಉರುಳೆ ಸರಿಯಾಗಿ ತೊಳೆದಿರಲಿಲ್ಲ. ಮೊದಲ ಆಲ್ಬಮ್ ಕೊಂಡವರ ಮನೆಯಲ್ಲಿ ಇರುವೆಗಳು ಸಾಲುಗಟ್ಟಿ ಬಂದು ಬೀಗರನ್ನಷ್ಟೇ ಬಿಟ್ಟು ಉಳಿದವರನ್ನು ತಿಂದವು.

ಇರುವೆ ಕಾಟ ಮುಗಿದ ಮೇಲೆ ಬಂದ ಕಾಗದವನ್ನು ನೋಡಿ ನಾನೇ ಬಾಯಿ ಮುಚ್ಚಿದೆ. ರೇಷ್ಮೆ ಸೀರೆಯ ಎಳೆ ಎಳೆ ಎಣಿಸಬಹುದಿತ್ತು. ಕಪ್ಪು ಕಪ್ಪಾಗಿ, ಬಿಳಿ ಬೆಳ್ಳಗೆ. ಕತ್ತರಿಸುವಾಗ ಮಾತ್ರ ಅಂಚಿನಿಂದ ಸಣ್ಣಗೆ ಬೂದಿ ಹಾರಿ ನನ್ನ ಮೂಗು, ಹುಬ್ಬು, ಅಂಗಿ ಎಲ್ಲ ಬೆಳ್ಳಗಾಗುತ್ತಿತ್ತು. ‘ಇವತ್ತೂ ಆ ಕಡೆಯವರಾಗೇ ಬಂದ್ರೇನು?’ ಎಂದು ನನ್ನ ಹೆಂಡತಿ ಶ್ರೀಲಕ್ಷ್ಮಿ ದಿನಾ ಬಾಗಿಲಲ್ಲೇ ಕೇಳುತ್ತಿದ್ದಳು.

ಏನನ್ನು ಮುದ್ರಿಸಬಹುದು, ಏನನ್ನು ಮುದ್ರಿಸಬಾರದು ಎಂದು ಮೂಕಣ್ಣ ಫೋನಿನಲ್ಲಿ ಅತ್ತೆಯನ್ನು ಕೇಳುತ್ತಿದ್ದ. ಲಾರಿ ಫೋಟೋ? “ಲಾರಿ ಏನು ಪಾಪ ಮಾಡೇತಿ, ತಗಿ.” ಚುನಾವಣೆಯ ಕಾಗದ? “ಸುಳ್ಳು ಬರಿಯಾಕ ಬ್ಯಾರೆ ಕಾಗದ ಬೇಕಾದಷ್ಟು ಅದಾವು.” ಗಂಡಿನವರಿಗೆ ಕಳಿಸಲು ಹುಡುಗಿಯನ್ನು ಸ್ವಲ್ಪ ಬೆಳ್ಳಗೆ ಮಾಡಬಹುದೇ? “ಕರೇ ಹುಡುಗಿ ಕರ್ರಗ ಇರ್ಲಿ. ನನ್ನ ಬೂದಿ ಮ್ಯಾಲ ಮೋಸ ಬ್ಯಾಡ.”

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಈಶ್ವರ್ ಬಂದ. ಹದಿನೆಂಟು ಲಾರಿಗಳ ಒಡೆಯ, ಬೈಪಾಸಿನಲ್ಲಿ ಹೊಸ ಬಾರ್ ಅಂಡ್ ರೆಸ್ಟೋರೆಂಟ್ ತೆರೆಯುತ್ತಿದ್ದ. ಮೆನು ಕಾರ್ಡಿನಲ್ಲಿ ಪ್ರತಿಯೊಂದು ತಿನಿಸಿನ ಫೋಟೋ ಬೇಕಿತ್ತು, ಅದೂ ಮೂಕಣ್ಣನ ಸ್ವಂತ ಕಾಗದದ ಮೇಲೆಯೇ. “ಬೆಂಗಳೂರಾಗ ತೋರಿಸಿದೆ. ಫಾರಿನ್ ಪೇಪರ್ ಅಂತ ಪಂಥ ಕಟ್ಟಿದ್ರು. ನಿನ್ನ ಕಾಗದದಾಗ ಕೈ ಹಾಕಿ ತಿನ್ನಬೇಕು ಅನ್ನಸ್ತದ ನೋಡು,” ಎಂದ.

ಈಶ್ವರ್ ಎಷ್ಟು ಕೊಡುತ್ತೇನೆಂದಿದ್ದರೂ ಮೂಕಣ್ಣ ಬಗ್ಗುತ್ತಿರಲಿಲ್ಲ. ಆ ಹೊಗಳಿಕೆಗೆ ಬಗ್ಗಿದ. ಈ ಸಲ ಅತ್ತೆಗೆ ಫೋನು ಮಾಡಲಿಲ್ಲ. ನನಗೆ, “ಸಸ್ಯಾಹಾರಿ ಕಾರ್ಡೂ ಮಾಡೀನ್ರಿ, ಒಟ್ಟಿನಾಗ ಕಾಲು ಭಾಗ ಅವ ಅದಾವು,” ಎಂದ. ನೂರಾ ಹತ್ತು ಕಾರ್ಡು. ನಾನೇ ಮಡಿಸಿ ಅಂಚು ಕತ್ತರಿಸಿದೆ.

ಇಲ್ಲಿ ನನ್ನ ತಪ್ಪೂ ಸ್ವಲ್ಪ ಇದೆ. ಸ್ವಲ್ಪವೇ. ಓಣಿಯ ತುದಿಯಲ್ಲಿ ಮಿರ್ಚಿ ಬಜ್ಜಿ ಮಾಡುವ ಜಂಬಮ್ಮ ಪೊಟ್ಟಣ ಕಟ್ಟಲು ನನ್ನ ಅಂಗಡಿಯ ರದ್ದಿ ಒಯ್ಯುತ್ತಿದ್ದಳು. ಕೆಟ್ಟುಹೋದ ಮೆನು ಹಾಳೆಗಳನ್ನು ಅದರಲ್ಲಿ ಸೇರಿಸಿ ಕೊಟ್ಟೆ. ಮರುವಾರ ಅಕ್ಕನಾಗಮ್ಮ ಬೂದಿಯ ಡಬ್ಬಿ ಹಿಡಿದು ಬಸ್ಸಿನಿಂದ ಇಳಿದರು. ಬಿಸಿ ಬಜ್ಜಿ ತರಿಸಿದ್ದೂ ನಾನೇ.

ಒಂದು ಬಜ್ಜಿ ಮುಗಿಸಿ ಅವರು ಪೊಟ್ಟಣದ ಕಾಗದ ಎತ್ತಿ ನೋಡಿದರು. “ಇದು ಎಂಥಾ ಚಲೋ ಕಾಗದ! ಎಣ್ಣಿನೆಲ್ಲ ಹೀರಿಕೊಂಡೈತಿ ನೋಡು,” ಎಂದವರು ಅದನ್ನು ಮಗುಚಿದರು. ಮಗುಚಿದ ಬದಿಯಲ್ಲಿ ಕೆಂಪಗೆ ಹುರಿದ ಕೋಳಿ ಕಾಲು. ಹೆಬ್ಬೆರಳು ಒದ್ದೆ ಮಾಡಿ ಕಾಗದದ ಅಂಚನ್ನು ತಿಕ್ಕಿದರು, ಬೆರಳನ್ನು ಮೂಗಿನ ಹತ್ತಿರ ಹಿಡಿದರು. ನಾನು ಕೈಯಲ್ಲಿದ್ದ ಬಜ್ಜಿಯನ್ನು ಕೆಳಗಿಟ್ಟೆ.

“ಮೂಕಣ್ಣ, ಏನಿದು?”

“ಅದು... ಹೂಕೋಸು ಅತ್ತಿ.”

“ಹೂಕೋಸಿಗೆ ಎಲುಬು ಯಾವಾಗ ಬಂತಲೇ?”

ಅವರು ಬೈಯಲಿಲ್ಲ, ಕೂಗಾಡಲಿಲ್ಲ. ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು, ತಂದ ಡಬ್ಬಿಯ ಮುಚ್ಚಳ ಸಹ ತೆಗೆಯದೆ ಎತ್ತಿಕೊಂಡರು. “ನನ್ನ ಹಣಿಮ್ಯಾಗಿಂದನ್ನ ಕೋಳಿ ಕಾಲಿಗೆ ಹಚ್ಚಿದಿ,” ಎಂದಷ್ಟೇ ಹೇಳಿ ಬಂದ ಬಸ್ಸಿನಲ್ಲೇ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು ಎಂದು ನಮಗಿಬ್ಬರಿಗೂ ಅನ್ನಿಸಿತು.

ಬೂದಿ ನಿಂತಿತು. ಮೂಕಣ್ಣ ಪೇಟೆಯ ವಿಭೂತಿ ತಂದ. ಅದು ಬರೀ ಸೀಮೆಸುಣ್ಣ, ಮೇಲೆ ಅತ್ತರು. ಗಿರಣಿಯ ಒಲೆಯ ಬೂದಿ ತಂದ. ಮದುಮಗಳು ಮೂರು ದಿನದಿಂದ ಊಟ ಬಿಟ್ಟವಳ ಹಾಗೆ ಬಂದಳು. ಕಂಪ್ಲಿಗೆ ಹೋದರೆ ಅತ್ತೆ ರೊಟ್ಟಿ, ಎಣಗಾಯಿ, ಮೊಸರು ಎಲ್ಲ ಬಡಿಸಿದರು, ಮಳೆ ಬೆಳೆ ಮಾತಾಡಿದರು, ಬೂದಿಯ ಮಾತೆತ್ತಿದರೆ ಕಿವಿ ಕೇಳಿಸದವರ ಹಾಗೆ ಎದ್ದು ಒಳಗೆ ಹೋದರು. ಆರು ವಾರದಲ್ಲಿ ಮೂಕಣ್ಣ ಸೊರಗಿದ. ಗೋಡೆಯಾಚೆಯಿಂದ ‘ಸ್ವಲ್ಪ ನಗ್ರಿ’ ಅನ್ನುವ ದನಿ ಸಹ ಯಾರನ್ನೋ ಅಳಲು ಕರೆದ ಹಾಗಿತ್ತು. ಅವನು ಕಾಗದಕ್ಕಾಗಿ ಕೊರಗುತ್ತಿದ್ದನೋ ಅತ್ತೆಗಾಗಿಯೋ ಎಂದು ನಾನು ಒಮ್ಮೆ ಕೇಳಿದೆ. “ಸಣ್ಣಾಂವ ಇದ್ದಾಗ ನನ್ನ ಹಣಿಗೆ ದಿನಾ ಆಕೀನ ಹಚ್ಚತಿದ್ಲು,” ಎಂದ.

ಕೊನೆಗೆ ಚೆನ್ನಬಸಮ್ಮ ತವರಿಗೆ ಹೋಗಿ ತಾಯಿಯ ಬಾಯಿ ಬಿಡಿಸಿ ಬಂದಳು. “ಕಾರ್ಡು ಒಂದೂ ಅಲ್ಲಿ ಇರಬಾರದಂತ. ಎಲ್ಲಾ ವಾಪಸ್ ತಂದು ಹೊಳಿಗೆ ಬಿಡಬೇಕಂತ. ಆಮ್ಯಾಲ ನೋಡ್ತಾಳಂತ.”

ಬೆಳಿಗ್ಗೆ ಹನ್ನೊಂದಕ್ಕೆ ನಾವಿಬ್ಬರೂ ಬಾರಿಗೆ ಹೋದೆವು. ನನ್ನ ಹಣೆಯಲ್ಲಿ ನಾಮ, ಕಂಕುಳಲ್ಲಿ ಚೀಲ. ವಾಪಸ್ ಯಾಕೆ ಎಂದು ಈಶ್ವರ್ ಗದರಿದ. ಮೂಕಣ್ಣ ನಿಜ ಹೇಳಿಬಿಟ್ಟ: “ಅದರಾಗ ವಿಭೂತಿ ಐತ್ರಿ.”

ಈಶ್ವರ್ ಕುರ್ಚಿಯಿಂದ ಎದ್ದುಬಿಟ್ಟ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನದವನು. ಚಪ್ಪಲಿ ಬಿಟ್ಟ. “ಲೇ, ಎಲ್ಲಾರೂ ಕೈ ತೊಳಕೊಂಡು ಬರ್ರಿ, ಜಲ್ದಿ!” ಎಂದು ಸಪ್ಲೈಯರ್‌ಗಳ ಮೇಲೆ ಕೂಗಿದ. ಅವರು ಒಬ್ಬೊಬ್ಬರಾಗಿ ಎರಡೂ ಕೈಯಲ್ಲಿ ಕಾರ್ಡು ಹಿಡಿದು, ಕಣ್ಣಿಗೊತ್ತಿಕೊಂಡು ನನ್ನ ಚೀಲಕ್ಕೆ ಹಾಕಿದರು. ಮೂಲೆಯಲ್ಲಿ ಒಬ್ಬ ಗಿರಾಕಿ ಕಾರ್ಡಿನ ಮೇಲೆ ಗ್ಲಾಸಿಟ್ಟುಕೊಂಡು ಕೂತಿದ್ದ. ವಿಷಯ ತಿಳಿದದ್ದೇ ಗ್ಲಾಸನ್ನು ತಲೆಯ ಮೇಲೆತ್ತಿ ಹಿಡಿದ, ನಾವು ಹೊರಗೆ ಹೋಗುವವರೆಗೂ ಇಳಿಸಲಿಲ್ಲ. ಬಾರಿನಿಂದ ಚೀಲ ಹೊತ್ತು ಬರುತ್ತಿದ್ದ ನನ್ನನ್ನು ಯಾರು ನೋಡಿದರೋ ಗೊತ್ತಿಲ್ಲ, ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಶ್ರೀಲಕ್ಷ್ಮಿ ನನ್ನ ಬಾಯಿ ಮೂಸಿ ನೋಡಿದ ಮೇಲೆಯೇ ಊಟ ಹಾಕಿದಳು.

ಮರುದಿನ ಕಂಪ್ಲಿಯ ಹೊಳೆಯ ಮೆಟ್ಟಿಲು. ಅಕ್ಕನಾಗಮ್ಮ ಮೇಲಿನ ಮೆಟ್ಟಿಲಲ್ಲಿ ಸೆರಗು ಹೊದ್ದು ಕೂತರು. ಮೂಕಣ್ಣ ಮೊಣಕಾಲು ನೀರಿನಲ್ಲಿ ನಿಂತು, ತಪ್ಪಾಯಿತು ಅಂತ ಒಂದೊಂದೇ ಕಾರ್ಡು ಬಿಡತೊಡಗಿದ. ಹತ್ತು ಬಿಟ್ಟ, ಇಪ್ಪತ್ತು ಬಿಟ್ಟ. ಆಮೇಲೆ ಕೈ ನಿಂತಿತು. ಬಗ್ಗಿ ನೀರಿನಲ್ಲಿದ್ದ ಒಂದು ಕಾರ್ಡನ್ನು ದಿಟ್ಟಿಸಿದ.

“ಶೀನಪ್ಪಾರ! ಬಣ್ಣ ಬಿಡವಲ್ದು!”

“ತಪ್ಪು ಒಪ್ಪಿಕೋ ಮಾರಾಯ, ಬಣ್ಣ ಆಮೇಲೆ ನೋಡೀಯಂತ,” ಎಂದು ನಾನು ಹಲ್ಲು ಕಡಿದೆ.

“ಇಲ್ರಿ, ನೋಡ್ರಿ! ನೀರಾಗ ಬಿದ್ದು ಎಷ್ಟೊತ್ತಾತು! ಒಂದು ಹನಿ ಶಾಯಿ ಬಿಟ್ಟಿಲ್ಲ! ಬೂದಿನೂ ಎದ್ದಿಲ್ಲ!” ಎಂದು ತಪ್ಪೊಪ್ಪಿಗೆಯನ್ನೆಲ್ಲ ಮರೆತು ನೀರಿನಲ್ಲಿ ಕುಣಿಯತೊಡಗಿದ. ಮುಳುಗಬೇಕಾದ ಕಾರ್ಡುಗಳು ಮುಳುಗಲೂ ಇಲ್ಲ. ಹುರಿದ ಕೋಳಿ, ಸೀಖ್ ಕಬಾಬು, ಬಿರಿಯಾನಿ ಎಲ್ಲ ಕೆಂಪಗೆ ಹೊಳೆಯುತ್ತ ತುಂಗಭದ್ರೆಯಲ್ಲಿ ಸಾಲಾಗಿ ತೇಲಿದವು. ಕೆಳಗಡೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಎದ್ದು ನಿಂತು ಕೂಗಿದಳು: “ಯಾರದೋ ಹೋಟ್ಲು ಕೊಚ್ಚಿಕೊಂಡು ಬರಾಕತ್ತೈತ್ರಬೇ!”

ಇನ್ನು ಕೆಲಸ ಕೆಟ್ಟಿತೆಂದು ನಾನು ಹೆದರಿ ತಿರುಗಿ ನೋಡಿದೆ. ಅಕ್ಕನಾಗಮ್ಮ ಸೆರಗನ್ನು ಬಾಯಿಗೊತ್ತಿ ಹಿಡಿದಿದ್ದರು, ಭುಜ ಅಲುಗುತ್ತಿತ್ತು. ಇಳಿದು ಬಂದು ದಂಡೆಗೆ ಬಡಿಯುತ್ತಿದ್ದ ಒಂದು ಕಾರ್ಡನ್ನು ಎತ್ತಿ ಹೆಬ್ಬೆರಳಿನಿಂದ ತಿಕ್ಕಿದರು. ಬೆರಳಿಗೆ ಬಣ್ಣ ಬರಲಿಲ್ಲ, ಬೂದಿಯೂ ಬರಲಿಲ್ಲ. ಇನ್ನೂ ಜೋರಾಗಿ ತಿಕ್ಕಿದರು.

“ಇಷ್ಟು ಗಟ್ಟಿ ಹಿಡಕೊಂಡೈತೇನು?” ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ.

“ನಿನ್ನ ಬೂದಿ ಅತ್ತಿ. ನನ್ನದೇನೈತಿ,” ಎಂದ ಮೂಕಣ್ಣ. ಅವನ ಕಣ್ಣು ತುಂಬಿತ್ತು, ಹೊಳೆಯ ನೀರು ಎಂದು ಆಮೇಲೆ ಹೇಳಿದ.

“ಹಳೇ ಹಾಳಿ ಉಳದಾವೇನು?”

“ಒಂದು ಐತಿ.”

“ಹಂಗಾರ ನಂದು ಒಂದು ಫೋಟೋ ತಗಿ. ವೋಟಿನ ಕಾರ್ಡಿನಾಗ ನಾನು ಕಳ್ಳಿ ಕಂಡಂಗ ಕಾಣತೀನಿ.”

ಮುಂದಿನ ಸೋಮವಾರ ಅವರು ಸ್ಟುಡಿಯೋದಲ್ಲಿ ಇಳಕಲ್ ಸೀರೆಯುಟ್ಟು ಕೂತರು. ಮೂಕಣ್ಣ ‘ನಗು ಅತ್ತಿ’ ಎನ್ನಲು ಬಾಯಿ ತೆರೆದ, ಧೈರ್ಯ ಸಾಲದೆ ಮುಚ್ಚಿದ. ಉಳಿದಿದ್ದ ಆ ಒಂದು ಹಾಳೆ ಪ್ರಿಂಟರಿನಿಂದ ಒಂದೊಂದೇ ಗೆರೆಯಾಗಿ ಹೊರಬರುವುದನ್ನು ಅವರು ಬಗ್ಗಿ ನೋಡುತ್ತಿದ್ದರು. ಮೊದಲು ಕೂದಲು, ಆಮೇಲೆ ಹಣೆ.

“ಇದರಾಗ ಬಿಳೇ ಶಾಯಿ ಯಾವುದಲೇ?” ಎಂದು ಕೇಳಿದರು.

“ಬಿಳೇ ಶಾಯಿ ಇರಾದಿಲ್ಲ ಅತ್ತಿ. ಬಿಳೇದು ಬೇಕಾದಲ್ಲಿ ಮಿಷನ್ನು ಏನೂ ಹಾಕಾದಿಲ್ಲ. ಕಾಗದ ಹೆಂಗೈತೋ ಹಂಗ ಬಿಡತೈತಿ.”

ಫೋಟೋದ ಹಣೆಯ ಮೇಲೆ ಮೂರು ಪಟ್ಟೆ ಅಚ್ಚ ಬೆಳ್ಳಗಿತ್ತು. ಅವರು ಅದರ ಮೇಲೆ ಬೆರಳು ಆಡಿಸಿದರು.

“ಹಂಗಾರ ಇದು ನಂದ,” ಎಂದರು. ಎದ್ದು ಸೀರೆ ಕೊಡವಿಕೊಂಡರು. “ಬೇಸ್ತವಾರ ಬೂದಿ ಇಳಸ್ತೀನಿ. ಡಬ್ಬಿ ತೊಳದು ತಗೊಂಡು ಬಾ. ಸಾಬೂನು ಹಚ್ಚಬ್ಯಾಡ.”

ಗಣಿ ಬಂದಾಗಿ ಲಾರಿಗಳು ನಿಂತ ವರ್ಷ ಅಕ್ಕನಾಗಮ್ಮನವರು ಲಿಂಗೈಕ್ಯರಾದರು. ಅವರ ಹಾಗೆ ಬೂದಿ ಸುಡುವವರು ಇನ್ನೊಬ್ಬರಿಲ್ಲ, ಆ ಕಾಗದವೂ ಇಲ್ಲ. ಮೂಕಣ್ಣ ಈಗ ಎಲ್ಲರ ಹಾಗೆ ಬೆಂಗಳೂರಿನ ಕಾಗದ ತರಿಸುತ್ತಾನೆ, ಅದರ ಮುಖ ಕೆರೆದು ನೋಡಿ ಮೂಗು ಮುರಿಯುತ್ತಾನೆ. ನನ್ನ ಅಂಗಿ ಬೆಳ್ಳಗಾಗುವುದಿಲ್ಲ. ಬಾಗಿಲಲ್ಲಿ ಶ್ರೀಲಕ್ಷ್ಮಿ ಏನೂ ಕೇಳುವುದಿಲ್ಲ, ಅದು ನನಗೆ ಬೇಸರ.

ಆ ಫೋಟೋ ಅವನ ಮನೆಯ ನಡುಕೋಣೆಯಲ್ಲಿದೆ. ಅವರ ಕಡೆ, ತೀರಿಹೋದ ಹಿರಿಯರ ಫೋಟೋದ ಗಾಜಿಗೆ ಸೋಮವಾರ ಮೂರು ಬೆರಳು ವಿಭೂತಿ ಎಳೆಯುವ ಪದ್ಧತಿ. ಮೊದಲ ಸೋಮವಾರ ಚೆನ್ನಬಸಮ್ಮ ಪೇಟೆಯ ವಿಭೂತಿ ತೇಯ್ದು ತಟ್ಟೆ ಹಿಡಿದು ಬಂದಾಗ ನಾನು ಅಲ್ಲೇ ಕೂತಿದ್ದೆ. ಮೂಕಣ್ಣ ಎದ್ದು ಅವಳ ಕೈ ಹಿಡಿದ.

“ಬ್ಯಾಡ, ಚೆನ್ನಿ. ಅತ್ತಿ ತನ್ನ ಬೂದಿ ತಾನ ಹಚ್ಚಿಕೊಂಡು ಕುಂತಾಳ.”